ಇಲಿಂಕಾಳ ಬಿಕ್ಕಳಿಕೆ

ಗಲಾತ್ಸ್, ನವೆಂಬರ್ 14, ಗುರುವಾರ

ಅತ್ತೆಯ ಮೇಲೆ ಇನ್ನೂ ಸಿಟ್ಟಿದೆ. ಮಧ್ಯಾಹ್ನ ಹಾಲು ಕುಡಿದದ್ದೇ ಇಲಿಂಕಾಗೆ ಬಿಕ್ಕಳಿಕೆ ಶುರುವಾಯಿತು. ಐದು ವಾರದ ಕೂಸು, ಮೈಯೆಲ್ಲ ಕುಲುಕುತ್ತದೆ. ಅತ್ತೆ ತಮ್ಮ ಶಾಲಿನಿಂದ ಕೆಂಪು ಎಳೆಯೊಂದನ್ನು ಕಿತ್ತು, ಉಗುಳು ಹಚ್ಚಿ ಅವಳ ಹಣೆಗೆ ಅಂಟಿಸಿದರು.

“ನನ್ ಮಗ ಹಡಗಲ್ಲಿ ಕೂತು ಮಗಳನ್ನ ನೆನೆಸ್ಕೊಳ್ತಿದಾನೆ ಕಣೇ.”

ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗಿಸಿದರೆ ಸಾಕು ಎಂದು ನರ್ಸ್ ಹೇಳಿದ್ದಾಳೆ. ಗೊತ್ತಿದ್ದೂ ನಾನು ಎತ್ತಿಕೊಳ್ಳಲಿಲ್ಲ. ಅವಳ ಎದೆಯ ಮೇಲೆ ಅಂಗೈ ಇಟ್ಟು ಬಿಕ್ಕಳಿಕೆ ಎಣಿಸುತ್ತ ಕೂತೆ.

ಆಗಸ್ಟಿನಲ್ಲಿ ಹಡಗು ಹತ್ತುವ ಮುನ್ನ ನೆಕುಲಾಯ್ ನನ್ನ ಹೊಟ್ಟೆಯ ಮೇಲೆ ಹೀಗೇ ಕೈಯಿಟ್ಟು, ಒಳಗಿದ್ದ ಇವಳ ಬಿಕ್ಕಳಿಕೆ ಎಣಿಸಿದ್ದ. “ಬಿಕ್ಕಳಿಸೋದ್ರಲ್ಲೂ ನಿನ್ ಥರಾನೇ ಹಟಮಾರಿ” ಎಂದು ನಕ್ಕಿದ್ದ. ಮಗಳ ಮುಖವನ್ನು ಅವನು ಫೋಟೋದಲ್ಲಷ್ಟೇ ಕಂಡಿದ್ದಾನೆ. ಅವನಿಗೆ ಮುಟ್ಟಿ ಗೊತ್ತಿರುವುದು ಈ ಬಿಕ್ಕಳಿಕೆಯೊಂದೇ.

“ಕೂಸು ಬಿಕ್ಕಳಿಸ್ತಿದ್ರೆ ಕಣ್ಮುಚ್ಕೊಂಡು ಕೂತಿದೀಯಲ್ಲ, ನೀನೂ ಒಬ್ಳು ತಾಯೇನೇ?” ಎನ್ನುತ್ತ ಅತ್ತೆ ಅವಳನ್ನು ಎತ್ತಿಕೊಂಡರು. ಎರಡು ಸಲ ಬೆನ್ನು ತಟ್ಟಿದ್ದಕ್ಕೆ ತೇಗು ಬಂತು, ಬಿಕ್ಕಳಿಕೆ ನಿಂತಿತು.

ಒಳ್ಳೆಯದೇ ಆಯಿತು, ಕೂಸು ನಿದ್ದೆಹೋಯಿತು. ಖಾಲಿ ಹಾಸಿಗೆಯ ಮೇಲೆ ನನ್ನ ಅಂಗೈ ಮಾತ್ರ ಮುಂದಿನ ಬಿಕ್ಕಳಿಕೆಗೆ ಕಾಯುತ್ತಲೇ ಇತ್ತು. ಈಗಲೂ ಕಾಯುತ್ತಿದೆ.