ಎಲೆ ಮುಚ್ಚಿದ ಹಣ್ಣು

ಪ್ರೀತಿಯ ಅಪ್ಪನಿಗೆ,

ಅಕ್ಷರ ಸೊಟ್ಟಗಿದ್ದರೆ, ತಪ್ಪಿದ್ದರೆ ಕ್ಷಮಿಸಿ. ನನ್ನ ಓದು ನಾಲ್ಕನೇ ತರಗತಿಗೇ ನಿಂತದ್ದು ನಿಮಗೆ ಗೊತ್ತಲ್ಲ.

ನಾವು ಸೇಬು ಕೀಳುವ ತೋಟದ ಮೇಲ್ಭಾಗದಲ್ಲಿ, ನದಿಯ ದಡದಲ್ಲಿ, ಹಳೆಯ ಬಾಂಬ್ ಕಾರ್ಖಾನೆಯ ಅಣುತ್ಯಾಜ್ಯವನ್ನು ತೊಟ್ಟಿಗಳಲ್ಲಿ ಹೂತಿದ್ದಾರೆ. ಕೆಲವು ಸೋರುತ್ತಿವೆ. ತ್ಯಾಜ್ಯ ತೆಗೆಯದೆ ಸಿಮೆಂಟ್ ಸುರಿದು ಮುಚ್ಚುತ್ತೇವೆ ಎಂದು ಅಮೆರಿಕದ ಕೇಂದ್ರ ಸರ್ಕಾರದವರು ಹೇಳಿದರು. ಅದಕ್ಕೆ ನಮ್ಮ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಹಾಗಾಗಿ ರಾಜ್ಯದ ಅಧಿಕಾರಿಗಳು ಜನರ ಮಾತು ಕೇಳಲು ಬಂದರು.

"ಬಾರೇ ಮೂಗಿ, ಬಾಯಿ ಬಿಡದಿದ್ರೂ ಕಾಫಿ ಕೊಡ್ತಾರೆ" ಎಂದು ಚೆಲೋ ಅತ್ತೆ ನನ್ನನ್ನು ಎಳೆದೊಯ್ದರು.

ಅಲ್ಲಿ ನಾನು ಎದ್ದು ನಿಂತೆ. ಮುಂದೆ ಕೂತಿದ್ದ ರಾಜ್ಯದ ಅಧಿಕಾರಿಣಿಯನ್ನು ಕೇಳಿದೆ:

"ಅಮ್ಮಾ, ಬುಟ್ಟೀಲಿ ಕೊಳೆತ ಹಣ್ಣಿನ ಮೇಲೆ ಎಲೆ ಮುಚ್ಚಿ ತಂದ್ರೆ ನಮ್ಮ ಮೇಸ್ತ್ರಿ ವಾಪಸ್ ಕಳಿಸ್ತಾರೆ, ಕೊಳೆತದ್ದನ್ನ ತೆಗೆದುಹಾಕು ಅಂತಾರೆ. ಈ ಕೇಂದ್ರದವರಿಗೆ ನೀವೇ ಮೇಸ್ತ್ರಿ ಅಲ್ವಾ? ಹಾಗೇ ಬಿಡ್ತೀರಾ?"

ದುಭಾಷಿ ನನ್ನ ಸ್ಪ್ಯಾನಿಷ್ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಸಭೆ ನಕ್ಕಿತು. ಅಧಿಕಾರಿಣಿ ನಗಲಿಲ್ಲ.

"ಈಗಲೇ ಮಾತು ಕೊಡೋಕಾಗಲ್ಲಮ್ಮ. ಆದ್ರೆ ಇದನ್ನ ಮರೆಯಲ್ಲ" ಎಂದರು.

ಮೊನ್ನೆ ತೀರ್ಮಾನ ಬಂತು. ರಾಜ್ಯ ಒಪ್ಪಲಿಲ್ಲ, ತ್ಯಾಜ್ಯವನ್ನು ತೆಗೆಯಲೇಬೇಕಂತೆ. ಅತ್ತೆ ಅಂಗಡಿಯಲ್ಲಿ ಸಿಕ್ಕವರಿಗೆಲ್ಲ, "ಕೇಳಿದ್ದು ನಮ್ ಸೊಸೆನೇ!" ಎನ್ನುತ್ತಿದ್ದಾರೆ.

ಅಜ್ಜಿಗೆ ಸೋರಿಕೆಯ ವಿಷಯ ಹೇಳಬೇಡಿ. ನಾನು ಸಭೆಯಲ್ಲಿ ಮಾತಾಡಿದೆ ಎಂದಷ್ಟೇ ಹೇಳಿ.

ಇಂದು ಬೆಳಿಗ್ಗೆ ರಾಜ್ಯದವರು ನಮ್ಮ ಬಾವಿಯ ನೀರನ್ನು ಪರೀಕ್ಷೆಗೆ ಒಯ್ಯಲು ಬಂದರು. ಹೆಸರು ಕೇಳಿದಾಗ ಅತ್ತೆಯ ಬೆನ್ನ ಹಿಂದೆ ಸರಿಯದೆ, ನಿಮ್ಮ ಮನೆತನದ ಹೆಸರನ್ನೂ ಸೇರಿಸಿ ಗಟ್ಟಿಯಾಗಿ ಹೇಳಿದೆ.

ನಿಮ್ಮ ಮಗಳು,
ನೆರೇಯ್ದಾ ಸೊಲೋರ್ಸಾನೊ