ಅಂಗಿ ಮಾಸದ ಆಟಗಾರ

ಬ್ರ್ಯಾಂಟ್ ರನ್, ಪೆನ್ಸಿಲ್ವೇನಿಯಾ
೯ ಮಾರ್ಚ್ ೧೯೯೭, ಭಾನುವಾರ

ಪ್ರೀತಿಯ ತಮ್ಮ ಆ್ಯಂಡಿ,

ಕ್ರಿಸ್‌ಮಸ್‌ಗೆ ನೀನು ಫ್ಲೋರಿಡಾದಿಂದ ಕಳಿಸಿದ ಕಿತ್ತಳೆಹಣ್ಣಿನ ಬುಟ್ಟಿ ತಲುಪಿತು. ಹಣ್ಣು ಮುಗಿದು ಎಷ್ಟೋ ಕಾಲವಾಯಿತು, ಬುಟ್ಟಿಯಲ್ಲಿ ಈಗ ಬೆಕ್ಕು ಮಲಗುತ್ತದೆ, ತಲುಪಿದೆ ಎಂದು ತಿಳಿಸುವ ಕಾಗದ ಮಾತ್ರ ಇವತ್ತು ಬರೆಯುತ್ತಿದ್ದೇನೆ. ಬೈಯಬೇಡ. ಜನವರಿಯಲ್ಲಿ ವಾಲ್ಟ್‌ನ ಮಂಡಿಗೆ ಆಪರೇಷನ್ ಆಯಿತು. ಮಂಡಿ ಅವನದು, ಓಡಾಟ ನನ್ನದು. ಗಣಿಯಲ್ಲಿ ದುಡಿದಷ್ಟು ವರ್ಷ ಒಂದು ಲೋಟ ನೀರನ್ನೂ ಕೇಳದಿದ್ದ ನನ್ನ ಗಂಡ ಈಗ ಕುರ್ಚಿಯಲ್ಲಿ ಕೂತು, ಟಿವಿ ಸದ್ದು ಹೆಚ್ಚಿಸು, ತಗ್ಗಿಸು ಎಂದು ನನ್ನನ್ನು ಕುಣಿಸುತ್ತಿದ್ದಾನೆ. ಟಿವಿಯಲ್ಲಿ ನಿನ್ನ ಹೆಸರು ಬಂದರೆ ಮಾತ್ರ ತಾನೇ ಎದ್ದು ಹೋಗಿ ಸದ್ದು ಹೆಚ್ಚಿಸುತ್ತಾನೆ, ಆಗ ಮಂಡಿ ನೋಯುವುದಿಲ್ಲವಂತೆ.

ಇಲ್ಲಿ ಹಿಮ ಇನ್ನೂ ಪೂರ್ತಿ ಕರಗಿಲ್ಲ. ನಿನ್ನ ಹೆಂಡತಿಗೆ ಬೆನ್ನುನೋವು ಎಂದಿದ್ದೆ, ಹೇಗಿದ್ದಾಳೆ ಬರೆ. ಬಿಸಿಲಿನ ಊರಿನಲ್ಲಿದ್ದೂ ಬೆನ್ನು ನೋಯುತ್ತದೆಯೆಂದರೆ ನನಗೆ ಅಚ್ಚರಿ.

ಈಗ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಹೇಳುವುದು ನನ್ನ ಜಾಯಮಾನವಲ್ಲ, ನಿನಗೂ ಗೊತ್ತು. ಚರ್ಚಿನ ಹಿಂದಿನ ಆಟದ ಮೈದಾನಕ್ಕಿರುವ ನಿನ್ನ ಅಣ್ಣ, ನಮ್ಮ ಪಾವ್ಲ್‌ನ ಹೆಸರು ತೆಗೆದು ನಿನ್ನ ಹೆಸರಿಡಬೇಕೆಂದು ಊರಿನ ಕೌನ್ಸಿಲ್ ಹೊರಟಿದೆ. ಈ ತಿಂಗಳ ಕೊನೆಗೆ ಸಭೆ. ಅಷ್ಟು ದೂರದಲ್ಲಿರುವ ನಿನಗೆ ಈ ಸುದ್ದಿ ಮುಟ್ಟಿರಲಿಕ್ಕಿಲ್ಲ. ಆ್ಯಂಡಿ ಚೆರ್ವೆನಾಕ್ ಎಂಬ ಬೋರ್ಡು ಕಂಡರೆ ಹೈವೇಯಲ್ಲಿ ಹೋಗುವವರು ಕಾರು ನಿಲ್ಲಿಸುತ್ತಾರೆ, ಪಾವ್ಲ್ ಚೆರ್ವೆನಾಕ್ ಎಂದರೆ ಯಾರು ನಿಲ್ಲಿಸುತ್ತಾರೆ ಎಂಬುದು ಅವರ ವಾದ. ವಾದದಲ್ಲಿ ಸುಳ್ಳೇನೂ ಇಲ್ಲ. ಆದರೂ ಇದು ಆಗಕೂಡದು. ಇದನ್ನು ತಡೆದೇ ತೀರುತ್ತೇನೆ ಎಂದು ನಿರ್ಧರಿಸಿದ್ದೇನೆ. ಅದಕ್ಕಾಗಿ ಮೊನ್ನೆ ಗುರುವಾರ ಒಂದು ಕೆಲಸವನ್ನೂ ಮಾಡಿದೆ. ಬೇರೆಯವರ ಬಾಯಿಂದ ಅದು ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ನಮ್ಮ ಗುರುವಾರಗಳು ನಿನಗೆ ನೆನಪಿವೆಯಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ ಹೆಂಗಸರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ, ಶುಕ್ರವಾರದ ಮಾರಾಟಕ್ಕೆ ಪಿರೋಹಿ ಮಾಡುತ್ತೇವೆ. ಆಲೂಗಡ್ಡೆ ತುಂಬಿ ಅಂಚು ಒತ್ತುವ ಈ ಕಡುಬಿಗೆ ಕೈ ಸಾಕು, ಬಾಯಿಗೆ ಕೆಲಸವಿಲ್ಲ. ಹಾಗಾಗಿ ಅಮ್ಮನ ಕಾಲದಿಂದಲೂ ಅಲ್ಲಿ ಬೇಸ್‌ಬಾಲ್ ಜಗಳ. ಒಬ್ಬಳು ಯಾವನಾದರೂ ಹೆಸರಾಂತ ಆಟಗಾರನನ್ನು ಹಿಡಿದು, ಇವನಿಗೆ ಸಿಕ್ಕ ಹೊಗಳಿಕೆ ಇವನ ಯೋಗ್ಯತೆಗಿಂತ ಹೆಚ್ಚು ಎಂದು ಸಾಧಿಸಬೇಕು. ಅವಳ ಮುಂದಿನ ಪಾತ್ರೆಯ ಹೂರಣ ಮುಗಿಯುವವರೆಗೆ ವಾದ ಬಿಡುವಂತಿಲ್ಲ. ಮುಗಿದ ಮೇಲೆ ಎಲ್ಲರೂ ಹಿಟ್ಟಿನ ಕೈ ಎತ್ತಿ ಮತ ಹಾಕುತ್ತಾರೆ. ಸೋತವಳಿಗೆ ಮುಂದಿನ ವಾರದ ಈರುಳ್ಳಿ. ಗಂಡಸರೂ ಬಾರಿನಲ್ಲಿ ಕೂತು ಇದನ್ನೇ ಮಾಡುತ್ತಾರೆ, ಆದರೆ ಅವರಿಗೆ ಈರುಳ್ಳಿಯ ಭಯವಿಲ್ಲ, ಬಾಯಿಗೆ ಬಂದದ್ದು ಹೇಳಿ ಎದ್ದು ಹೋಗುತ್ತಾರೆ.

ಮೊನ್ನೆ ಮೊದಲು ಹೊರಟವಳು ಬೇಕರಿಯ ಫ್ಲೋ ಡಿಬಿಯಾಸೊ. ಅವಳ ಬಾಯಿ ಈಗಲೂ ಊರಿಗೆಲ್ಲ ಜೋರು. ಹೋಮ್ ರನ್‌ಗಳ ದೊರೆ ಎನಿಸಿಕೊಂಡ ಹಾರ್ಲನ್ ಟೀಗ್‌ನನ್ನು ಹಿಡಿದಳು. ಅವನ ತವರು ಮೈದಾನದಲ್ಲಿ ಬಲಗಡೆಯ ಬೇಲಿ ತೀರಾ ಹತ್ತಿರ, ಅಲ್ಲಿ ಬೇಲಿ ದಾಟುತ್ತಿದ್ದ ಹೊಡೆತವೇ ಬೇರೆ ಊರಿನಲ್ಲಿ ಫೀಲ್ಡರನ ಕೈಗೆ ಬೀಳುತ್ತಿತ್ತು ಎಂದಳು. "ನಮ್ಮನೆ ಅಡುಗೆಮನೇಲಿ ನಾನೂ ರಾಣೀನೇ ಬಿಡು" ಎಂದಳು. ಎಲ್ಲರೂ ಕೈ ಎತ್ತಿದರು. ಆಮೇಲೆ ಬರ್ನಡೆಟ್ ಯುರ್ಕೊ, ಪಕ್ಕದ ಬೀದಿಯವಳು, ಈಗ ಕೌನ್ಸಿಲ್‌ನಲ್ಲಿದ್ದಾಳೆ, ಕ್ಲೈಡ್ ಬೊಮಾಂಟ್‌ನ ಜನ್ಮ ಜಾಲಾಡಿದಳು. ಅವನು ಚೆಂಡೆಸೆದು ಗೆದ್ದದ್ದಲ್ಲ, ಅವನ ತಂಡದವರು ಬ್ಯಾಟ್ ಬೀಸಿ ರನ್ನು ಗುಡ್ಡೆ ಹಾಕಿದ್ದರಿಂದ ಗೆದ್ದದ್ದು, ಬಡ ತಂಡದಲ್ಲಿ ಅವನಿಗಿಂತ ಚೆನ್ನಾಗಿ ಎಸೆದವರು ಸೋತು ಸೋತು ಮನೆ ಸೇರಿದರು ಎಂಬುದು ಅವಳ ವಾದ. ಬೊಮಾಂಟ್ ಎಂದರೆ ಪ್ರಾಣ ಬಿಡುವ ಇಬ್ಬರು ಮುಖ ಊದಿಸಿಕೊಂಡರು, ಆದರೂ ಅವಳೇ ಗೆದ್ದಳು.

ನನ್ನ ಸರದಿ ಬಂತು. ನಾನು ನಿನ್ನ ಹೆಸರು ಹೇಳಿದೆ.

ಅಂಚು ಒತ್ತುವ ಕೈಗಳೆಲ್ಲ ನಿಂತವು. ಫ್ಲೋ ನಾನು ತಮಾಷೆಗೆ ಹೇಳಿದೆನೆಂದು ನಕ್ಕಳು, ನನ್ನ ಮುಖ ನೋಡಿ ನಗು ನುಂಗಿದಳು.

"ಒಡಹುಟ್ಟಿದೋನ್ನ ಹೀಗಾ ಆಡ್ಕೊಳ್ಳೋದು ಮಿಲ್ಲಿ? ಗೋಡೆ ಕಡೆ ನೋಡೇ. ಪೋಪ್ ಪಕ್ಕದಲ್ಲಿ ನೇತಾಕಿದೀವಿ ಅವ್ನನ್ನ" ಎಂದಳು.

ನೇತು ಹಾಕಿರುವುದು ನಿಜ. ಫೈನಲ್ ಪಂದ್ಯದ ಆ ಕ್ಯಾಚು, ಟೋಪಿ ಹಾರಿ ಹೋಗಿದೆ, ನೀನು ನೆಲ ಬಿಟ್ಟು ಅಡ್ಡಡ್ಡ ಚಾಚಿಕೊಂಡು ಗಾಳಿಯಲ್ಲಿದ್ದೀಯ, ಚೆಂಡು ಗ್ಲೌಸಿನ ತುದಿಯಲ್ಲಿದೆ. ನಾನು ಅದೇ ಫೋಟೊಗೆ ಬೆರಳು ತೋರಿಸಿ ಶುರು ಮಾಡಿದೆ. ಇವನು ಗಾಳಿಯಲ್ಲಿ ಯಾಕಿದ್ದಾನೆ ಎಂದು ಕೇಳಿದೆ. ತಡವಾಗಿ ಹೊರಟಿದ್ದಕ್ಕೆ. ಬ್ಯಾಟಿಗೆ ಚೆಂಡು ತಗುಲಿದ ಕೂಡಲೇ ನಿನ್ನ ಮೊದಲ ಹೆಜ್ಜೆ ಹಿಂದಕ್ಕೆ ಬೀಳುತ್ತಿತ್ತು, ಚೆಂಡು ಮುಂದೆ ಬೀಳುವಂತಿದ್ದರೂ ಹಿಂದಕ್ಕೆ. ಚಿಕ್ಕಂದಿನಿಂದ ನಿನಗೆ ಆ ಚಾಳಿ. ಆ ಒಂದು ತಪ್ಪು ಹೆಜ್ಜೆಯನ್ನು ಸರಿದೂಗಿಸಲು ಮಿಕ್ಕ ದೂರವನ್ನೆಲ್ಲ ಜೀವ ಬಿಟ್ಟು ಓಡಿ, ಕೊನೆಗೆ ಧುಮುಕುತ್ತಿದ್ದೆ. ಓಡುವ ಕಾಲನ್ನು ದೇವರು ಧಾರಾಳವಾಗಿ ಕೊಟ್ಟಿದ್ದ, ಆದ್ದರಿಂದ ಹಿಡಿಯುತ್ತಿದ್ದೆ. ಜನ ಧುಮುಕಿದ್ದನ್ನು ನೋಡಿದರು, ತಡವಾದದ್ದನ್ನು ನೋಡಲಿಲ್ಲ.

ನಾನು ಇದನ್ನು ಪೇಪರು ಓದಿ ತಿಳಿದವಳಲ್ಲ. ನಿನ್ನ ಪ್ಯಾಂಟಿನ ಮಂಡಿಯಿಂದ, ಅಂಗಿಯ ಎದೆಯಿಂದ ಹುಲ್ಲಿನ ಕಲೆ ಉಜ್ಜಿ ಉಜ್ಜಿ ಕೈ ಒಡೆದುಕೊಂಡವಳು. ಪಾವ್ಲ್‌ನ ಅಂಗಿ ಉಜ್ಜುವುದೇ ಬೇಕಿರಲಿಲ್ಲ. ಅವನೂ ನಿನ್ನ ಹಾಗೆ ನಡುಮೈದಾನದಲ್ಲೇ ನಿಲ್ಲುತ್ತಿದ್ದ, ನಿನಗಿಂತ ಹೆಚ್ಚೇ ಚೆಂಡು ಹಿಡಿಯುತ್ತಿದ್ದ, ಸಂಜೆ ಬಂದಾಗ ಅಂಗಿ ಇಸ್ತ್ರಿ ಮಾಡಿಟ್ಟ ಹಾಗೇ ಇರುತ್ತಿತ್ತು. ಬ್ಯಾಟಿನ ಸದ್ದು ಕೇಳಿದರೆ ಸಾಕು, ಅವನಿಗೆ ಜಾಗ ಗೊತ್ತಾಗುತ್ತಿತ್ತು. ಹೋಗಿ ನಿಲ್ಲುತ್ತಿದ್ದ, ಚೆಂಡು ಬಂದು ಕೈಗೆ ಬೀಳುತ್ತಿತ್ತು. ಅಪ್ಪ ಕೂಡ ದೊಡ್ಡವನಿಗೆ ಬರುವುದೆಲ್ಲ ಸುಲಭದ ಚೆಂಡು, ಚಿಕ್ಕವನಿಗೇ ಕಷ್ಟದವು ಎನ್ನುತ್ತಿದ್ದರು. ಇಡೀ ಊರು ಹಾಗೇ ಅಂದುಕೊಂಡಿತ್ತು.

ಫ್ಲೋ ಬಿಡಲಿಲ್ಲ. "ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತಾರಲ್ಲ, ಹಾಗಾಯ್ತು ನಿನ್ ಮಾತು. ಪಾವ್ಲ್ ದೊಡ್ಡ ಲೀಗ್‌ನಲ್ಲಿ ಒಂದಿನ ಆಡಿದ್ನಾ?" ಎಂದಳು.

ನನಗೆ ಉರಿದುಹೋಯಿತು. ಆಡಲಿಲ್ಲ ಎಂದೆ. ವಸಂತದಲ್ಲಿ ಬಾ, ನಿನ್ನ ಆಟ ನೋಡುತ್ತೇವೆ ಎಂದು ದೊಡ್ಡ ತಂಡದವರು ಅವನಿಗೆ ಹೇಳಿ ಹೋಗಿದ್ದರು. ಫೆಬ್ರವರಿಯಲ್ಲಿ ಅವನು ದುಡಿಯುತ್ತಿದ್ದ ಗಣಿಯ ಛಾವಣಿ ಕುಸಿಯಿತು, ಹಿಂದೆಯೇ ನೀರು ನುಗ್ಗಿತು. ಅವನಿಗೆ ಇಪ್ಪತ್ತು ವರ್ಷ. ಅವನೂ ಸೇರಿ ಹೊರಗೆ ತರಲಾಗದವರನ್ನೆಲ್ಲ ಒಳಗೇ ಬಿಟ್ಟು ಗಣಿಯ ಬಾಯಿ ಮುಚ್ಚಿದರು. ಇದೆಲ್ಲ ಅಲ್ಲಿದ್ದ ಪ್ರತಿಯೊಬ್ಬಳಿಗೂ ಗೊತ್ತು, ಫ್ಲೋಗೂ ಗೊತ್ತು, ಆದರೂ ನಾನು ಜೋರಾಗಿ ಹೇಳಿದೆ.

ಆಗ ಮೂಲೆಯಲ್ಲಿ ಹಿಟ್ಟು ಲಟ್ಟಿಸುತ್ತಿದ್ದ ಅನ್ನಾ ಅಜ್ಜಿ ತಲೆ ಎತ್ತಿದಳು. ಅವಳಿಗೀಗ ತೊಂಬತ್ತರ ಹತ್ತಿರ, ವಾದಕ್ಕೆ ಬಾಯಿ ಹಾಕುವುದೇ ಇಲ್ಲ. "ಪಾವ್ಲ್ ನಡುಮೈದಾನದಲ್ಲಿ ನಿಂತಿದ್ರೆ ನಾನು ಆಟ ನೋಡ್ತಾನೇ ಇರ್ಲಿಲ್ಲ ಕಣ್ರೇ. ನನ್ ಪಾಡಿಗೆ ಸ್ವೆಟರ್ ಹೆಣ್ಕೊಂಡಿರ್ತಿದ್ದೆ. ಚೆಂಡು ಆ ಕಡೆ ಹೋದ್ರೆ ತಲೆ ಎತ್ತಿ ನೋಡೋಂಥದ್ದೇನಿತ್ತು? ಆ್ಯಂಡಿ ನಿಂತಾಗ ಮಾತ್ರ ಹೆಣಿಗೆ ಬಿಟ್ಟು ನೋಡ್ಬೇಕಾಗ್ತಿತ್ತು" ಎಂದಳು.

ಅದಕ್ಕಿಂತ ದೊಡ್ಡ ಹೊಗಳಿಕೆ ಯಾವ ಆಟಗಾರನಿಗೂ ಸಿಕ್ಕಿರಲಾರದು. ಆದರೂ ನಾನು ಸೋತೆ. ನನ್ನ ಪರ ಎದ್ದವು ಅನ್ನಾ ಅಜ್ಜಿಯದೂ ಬರ್ನಡೆಟ್‌ಳದೂ ಕೈ ಅಷ್ಟೇ. ಫ್ಲೋ ಈರುಳ್ಳಿಯ ಚಾಕುವನ್ನು ನನ್ನ ಮುಂದೆ ತಂದಿಟ್ಟಳು, ಆಮೇಲೆ ಏನು ತೋಚಿತೋ, ಭುಜದ ಮೇಲೆ ಕೈಯಿಟ್ಟು ಪಕ್ಕದಲ್ಲೇ ಕೂತಳು. ನನ್ನ ಕಪ್ಪು ಅಂಗಿಯ ಮೇಲೆ ಅವಳ ಹಿಟ್ಟಿನ ಬೆರಳು ಮೂಡಿತ್ತು.

ಸೋತದ್ದಕ್ಕೆ ಬೇಜಾರಿಲ್ಲ. ನೀನು ಕೆಟ್ಟ ಆಟಗಾರನೆಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಆ ಕ್ಯಾಚು ಹಿಡಿದ ದಿನ ವಾಲ್ಟೂ ನಾನೂ ಬೀದಿಗೆ ಬಂದು ಪಾತ್ರೆ ಬಡಿದೆವು, ನನ್ನ ದೊಡ್ಡ ಬಾಣಲೆಗೆ ಇನ್ನೂ ಆ ತಗ್ಗಿದೆ. ನೀನು ಒಳ್ಳೆಯ ಆಟಗಾರ, ನಿನಗೆ ಸಿಕ್ಕ ಹೆಸರು ಇನ್ನೂ ದೊಡ್ಡದು, ಇರಲಿ, ಯಾರ ಗಂಟೇನು ಹೋಯಿತು. ಆದರೆ ಪಾವ್ಲ್‌ಗೆ ಸಿಕ್ಕದ್ದು ಆ ಬೋರ್ಡು ಒಂದೇ. ಸ್ಮಶಾನದಲ್ಲಿ ಅಪ್ಪ ಅಮ್ಮನ ಪಕ್ಕ ಅವನಿಗೆಂದು ಬಿಟ್ಟ ಜಾಗ ಖಾಲಿಯೇ ಇದೆ. ಅವನ ಜೊತೆ ದುಡಿದವರು ಆ ವರ್ಷದ ಬೇಸಿಗೆಯಲ್ಲಿ ಬೋರ್ಡು ಬರೆಸಿ ಮೈದಾನದಲ್ಲಿ ನೆಟ್ಟರು. ಪ್ರತಿ ಏಪ್ರಿಲ್‌ನಲ್ಲಿ ವಾಲ್ಟ್ ಅದಕ್ಕೆ ಬಣ್ಣ ಬಳಿಯುತ್ತಾನೆ. ಈ ಸಲ ಮಂಡಿ ಬಗ್ಗದಿದ್ದರೆ ಸ್ಟೂಲು ಹಾಕಿಕೊಂಡಾದರೂ ಬಳಿಯುತ್ತೇನೆ ಎಂದಿದ್ದಾನೆ.

ಇನ್ನೊಂದು ಮಾತು. ಊರಿನ ಮಕ್ಕಳು ಆಟಕ್ಕೆ ಹೊರಟಾಗ ಮೈದಾನಕ್ಕೆ ಹೋಗುತ್ತೇವೆ ಎನ್ನುವುದಿಲ್ಲ. "ಅಮ್ಮಾ, ಪಾವ್ಲ್ ಹತ್ರ ಹೋಗ್ತಿದೀನಿ" ಎನ್ನುತ್ತಾರೆ. ಅವನು ಯಾರೆಂದು ಆ ಮಕ್ಕಳಿಗೆ ಗೊತ್ತಿಲ್ಲ. ಆದರೂ ಅವನು ಅಲ್ಲೇ ಇದ್ದಾನೆ, ಹೋದರೆ ಸಿಗುತ್ತಾನೆ ಎನ್ನುವ ಹಾಗೆ ಹೇಳುತ್ತಾರೆ. ನಾನು ಬಟ್ಟೆ ಒಣಹಾಕುತ್ತಾ ಇದನ್ನು ಎಷ್ಟು ವರ್ಷದಿಂದ ಕೇಳುತ್ತಿದ್ದೇನೆ, ಇನ್ನೂ ಅಭ್ಯಾಸವಾಗಿಲ್ಲ. ಬೋರ್ಡು ಬದಲಾದರೆ ಅವರ ಬಾಯಲ್ಲಿ ಅವನ ಹೆಸರು ಎರಡು ಬೇಸಿಗೆ ಉಳಿಯಬಹುದು, ಆಮೇಲೆ ಅದೂ ಹೋಗುತ್ತದೆ.

ಆದ್ದರಿಂದ ನೀನು ಕೌನ್ಸಿಲ್‌ಗೆ ಒಂದು ಸಾಲು ಬರೆ. ನನ್ನ ಅಣ್ಣನ ಹೆಸರೇ ಇರಲಿ, ನನಗೆ ಬೇಡ ಎಂದು ನೀನೇ ಹೇಳಿದರೆ ಆಮೇಲೆ ಯಾರೂ ಉಸಿರೆತ್ತುವುದಿಲ್ಲ. ಬರೆಯುವುದಿಲ್ಲವೋ, ಬೇಡ. ಸಭೆಗೆ ನಾನು ಹೋಗುತ್ತೇನೆ. ಮೊದಲ ಸಾಲಿನಲ್ಲಿ ಕೂರುತ್ತೇನೆ, ಗುರುವಾರ ಹೇಳಿದ್ದನ್ನು ಒಂದಕ್ಷರ ಬಿಡದೆ ಅಲ್ಲಿಯೂ ಹೇಳುತ್ತೇನೆ, ಅಲ್ಲಿಯೂ ಸೋತರೆ ಬೋರ್ಡು ಕೀಳಲು ಬಂದವರ ಎದುರು ಕುರ್ಚಿ ಹಾಕಿಕೊಂಡು ಕೂರುತ್ತೇನೆ. ವಾಲ್ಟ್ ತನಗೂ ಒಂದು ಕುರ್ಚಿ ತರಲು ಹೇಳಿದ್ದಾನೆ. ನಮ್ಮಿಬ್ಬರನ್ನು ಎಬ್ಬಿಸುವುದು ಸುಲಭವಲ್ಲ.

ಊಟ ನಿದ್ರೆ ಸರಿಯಾಗಿ ನೋಡಿಕೋ. ಹೆಂಡತಿಗೂ ಮಕ್ಕಳಿಗೂ ನನ್ನ ಮುತ್ತು. ಅಮ್ಮ ಇದ್ದಿದ್ದರೆ ನಿನ್ನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆದು ಕಳಿಸುತ್ತಿದ್ದಳು. ಅವಳ ಬದಲಿಗೆ ನಾನು ಇಲ್ಲಿಂದಲೇ ಬರೆದಿದ್ದೇನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಮಿಲ್ಲಿ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಲಕೋಟೆ ಅಂಟಿಸುವ ಮೊದಲು ಮನಸ್ಸು ತಡೆಯಲಿಲ್ಲ. ಗುರುವಾರ ಎಲ್ಲ ಮುಗಿದ ಮೇಲೆ ಬರ್ನಡೆಟ್ ತನ್ನ ಕಾರಿನಲ್ಲಿ ನನ್ನನ್ನು ಮನೆಗೆ ಬಿಟ್ಟಳು. ನಾನು ಇಳಿಯಹೊರಟರೆ ಕೈ ಹಿಡಿದು ಕೂರಿಸಿದಳು. "ಇದು ಕೌನ್ಸಿಲ್ ತಲೇಲಿ ಹುಟ್ಟಿದ್ದಲ್ಲ ಮಿಲ್ಲಿ. ಆ್ಯಂಡೀನೇ ಫೋನ್ ಮಾಡಿ ಕೇಳಿದ್ದು. ಪಾವ್ಲ್ ಯಾರೂಂತ ಈಗ ಯಾರಿಗೆ ಗೊತ್ತಿದೆ ಅಂದ" ಎಂದಳು. ನಾನು ಇಳಿದು ಒಳಗೆ ಬಂದೆ. ವಾಲ್ಟ್‌ಗೂ ಹೇಳಿಲ್ಲ. ಬರ್ನಡೆಟ್ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ. ನಿನಗೇನೂ ಗೊತ್ತಿಲ್ಲವೆಂಬಂತೆ ನಾನು ಇಷ್ಟುದ್ದ ಬರೆದದ್ದು ನಿನಗೆ ಒಂದು ದಾರಿ ಇರಲಿ ಎಂದು. ನೀನೂ ಹಾಗೇ ಬರೆ, ವಿಷಯ ಅಕ್ಕನ ಕಾಗದದಿಂದ ಈಗಷ್ಟೇ ತಿಳಿಯಿತು, ನನಗೆ ಬೇಡ ಎಂದು. ಊರು ನಂಬುತ್ತದೆ. ನಾನೂ ನಂಬಲು ಕಲಿಯುತ್ತೇನೆ.