ಹದಿನಾಲ್ಕನೆಯ ಗುಂಡಿ

ನಾಸಿಕ್
೪ ಜೂನ್ ೨೦೧೩

ಸುಹಾಸ ಅವರಿಗೆ,

ಭಾರ್ಗವಿಯ ನಮಸ್ಕಾರ. ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಗಾಬರಿಯಾಗಬೇಡಿ, ಸಂಸಾರದ ವಿಚಾರವಲ್ಲ, ಮಣ್ಣಿನ ವಿಚಾರ.

ವೇರೂಳ್ ಗುಡ್ಡದ ನಿಮ್ಮ ನೆಡುತೋಪಿನಲ್ಲಿ ಬಡಗಣ ಪಟ್ಟಿಯ ಸಾಗವಾನಿ ಸಸಿಗಳೆಲ್ಲ ಒಣಗಿದವಂತೆ. ಕಾವಲುಗಾರ ಭುಜಂಗ ನೀರು ಹಾಕಲಿಲ್ಲವೆಂದು ನೀವು ವರದಿ ಬರೆದಿದ್ದೀರಂತೆ. ಸೋಮವಾರ ಅವನನ್ನು ಕೆಲಸದಿಂದ ತೆಗೆಯುತ್ತಾರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಎತ್ತು ನಾನು.

ನಾನು ಮಾಡಿದ ಮಣ್ಣಿನ ನಕ್ಷೆಯಲ್ಲಿ ಆ ಇಳಿಜಾರಿಗೆಲ್ಲ ಒಂದೇ ಬಣ್ಣವಿದೆ: ಆಳವಾದ ಮಣ್ಣು, ಸಾಗವಾನಿಗೆ ಯೋಗ್ಯ. ನೀವು ಅದನ್ನು ನಂಬಿ ನೆಟ್ಟಿರಿ. ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಸಾಕು, ಆದರೆ ಮಣ್ಣು ಒಂದೇ ಪಾತ್ರೆಯಲ್ಲಿ ಬೆಂದದ್ದಲ್ಲ. ಹತ್ತು ಹೆಜ್ಜೆಗೆ ಬದಲಾಗುತ್ತದೆ. ಅದಕ್ಕೇ ಹದಿನಾಲ್ಕು ಕಡೆ ಗುಂಡಿ ತೋಡಿ ನೋಡಬೇಕಿತ್ತು. ನಾನು ತೋಡಿಸಿದ್ದು ಹದಿಮೂರು. ಉಳಿದದ್ದು ಆ ಬಡಗಣ ಪಟ್ಟಿಯದು. ಅಂದು ಬಿಸಿಲು ವಿಪರೀತವಿತ್ತು. ಪಕ್ಕದ ಗುಂಡಿಯ ವಿವರವನ್ನೇ ಅದಕ್ಕೂ ಬರೆದು ಗುಡ್ಡ ಇಳಿದೆ.

ಮೊನ್ನೆ ಭಾನುವಾರ ಹೋಗಿ ಅದನ್ನು ತೋಡಿಸಿದೆ. ಹಾರೆ ಹಿಡಿದವನು ಭುಜಂಗನೇ. ಒಂದು ಗೇಣು ಮಣ್ಣು, ಕೆಳಗೆ ಬಂಡೆ. ಅವನು ಭಾಲ್ಕಿಯ ಕಡೆಯವನು, ಮಾತು ಕಡಿಮೆ. "ನೀರ ಹಾಕೇನ್ರಿ ಅಕ್ಕಾರ. ನೀರ ಕೆಳಗ ಇಳೀಲೇ ಇಲ್ರಿ," ಎಂದ. ನನಗೆ ನಾಚಿಕೆಯಾಯಿತು. ಅವನ ಮುಖ ನೋಡದೆ ಅಳತೆಪಟ್ಟಿ ಸುತ್ತಿದೆ.

ತಪ್ಪೊಪ್ಪಿಗೆಯನ್ನು ನನ್ನ ಕಚೇರಿಗೆ ನಿನ್ನೆಯೇ ಕೊಟ್ಟಿದ್ದೇನೆ. ಪ್ರತಿ ಇದರೊಂದಿಗಿದೆ. ಸೋಮವಾರದೊಳಗೆ ನಿಮ್ಮ ವರದಿ ಹಿಂತೆಗೆದುಕೊಂಡು ಇದನ್ನು ಇಡಿ. ನನ್ನ ಕೆಲಸ ಹೋಗಬಹುದು, ಭಯವೂ ಇದೆ. ಆದರೂ ಇಡಿ. ಈ ಮಳೆಗೆ ಅಲ್ಲಿ ಮತ್ತೆ ಸಾಗವಾನಿ ನೆಡಬೇಡಿ. ಬಂಡೆಯ ಬಿರುಕಿದ್ದಲ್ಲಿ ಅಂಜನ ಮರ ಬೇರು ಬಿಟ್ಟೀತು, ಉಳಿದದ್ದನ್ನು ಹುಲ್ಲಿಗೆ ಬಿಡಿ.

ಇಂತಿ,
ಭಾರ್ಗವಿ

ಮರೆತ ಮಾತು: ಬಿಸಿಲೆಂದು ಬರೆದೆ. ಬಿಸಿಲಲ್ಲ. ಅಂದು ನಮ್ಮ ಮದುವೆಯ ವಾರ್ಷಿಕ ದಿನ. ನಾಲ್ಕಕ್ಕೆ ವೇರೂಳ್ ಬಸ್‌ಸ್ಟ್ಯಾಂಡಿಗೆ ಬರುತ್ತೇನೆ ಎಂದಿದ್ದಿರಿ, ಅದಕ್ಕೇ ಬೇಗ ಇಳಿದೆ. ಏಳರವರೆಗೆ ಕೂತಿದ್ದೆ. ಮನೆಗೆ ಬಂದಾಗ ಎಲ್ಲಿದ್ದೆ ಎಂದು ನೀವು ಕೇಳಲಿಲ್ಲ. ಮರುದಿನ ನಾಸಿಕ್ ಬಸ್ಸು ಹತ್ತಿದೆ. ಕಚೇರಿಗೆ ಕೊಟ್ಟ ಪ್ರತಿಯಲ್ಲಿ ಇದನ್ನು ಬರೆದಿಲ್ಲ. ಅಲ್ಲಿ ಬಿಸಿಲೆಂದೇ ಇದೆ.